ಯೂಟ್ಯೂಬ್ ಪತ್ರಕರ್ತರಿಗೆ ಲೈಸೆನ್ಸ್ ಕೇಳುವ ಮುನ್ನ

ಮಾನ್ಯ ಸಂಪಾದಕರಿಗೆ,

ಈಚೆಗೆ ಓದುಗರ ಓಲೆಗಳಲ್ಲಿ ಒಂದು ಬೇಡಿಕೆ ಮತ್ತೆ ಮತ್ತೆ ಕಾಣಿಸುತ್ತಿದೆ. ಕೊರಳಿಗೆ ಐಡಿ ಕಾರ್ಡು, ಕೈಯಲ್ಲಿ ಲೋಗೋ ಅಂಟಿಸಿದ ಮೈಕು, ಬೈಕಿನ ಮೇಲೆ ‘ಪ್ರೆಸ್’ ಸ್ಟಿಕರ್ ಹಾಕಿಕೊಂಡು ಗ್ರಾಮ ಪಂಚಾಯಿತಿ, ನ್ಯಾಯಬೆಲೆ ಅಂಗಡಿ, ಮರಳಿನ ಟ್ರ್ಯಾಕ್ಟರುಗಳ ಸುತ್ತ ತಿರುಗುವ ಯೂಟ್ಯೂಬ್ ಪತ್ರಕರ್ತರಿಗೆ ಸರ್ಕಾರವೇ ಲೈಸೆನ್ಸ್ ಕೊಡಬೇಕು, ಇಲ್ಲದವರನ್ನು ಒಳಗೆ ಹಾಕಬೇಕು ಎಂಬುದು ಆ ಬೇಡಿಕೆ. ಕಾಟ ಇರುವುದು ಸುಳ್ಳಲ್ಲ. ಹಾವೇರಿ, ಗದಗ ಜಿಲ್ಲೆಗಳಲ್ಲಿ ಪಂಚಾಯಿತಿ ಕೆಲಸ ಮಾಡುವ ಯಾರನ್ನು ಕೇಳಿದರೂ ‘ಸರ, ಪೇಪರ್‌ನವರು ಬಂದಿದ್ದರು’ ಎಂಬ ಮಾತಿನ ಅರ್ಥ ಬಿಡಿಸಿ ಹೇಳುತ್ತಾರೆ. ಆದರೆ ನೆಗಡಿ ಬಂತೆಂದು ಮೂಗನ್ನೇ ಕೊಯ್ಯಿಸಿಕೊಳ್ಳುವ ಚಿಕಿತ್ಸೆ ಇದು. ಯಾಕೆಂದು ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ. ಜಾಗ ಹೆಚ್ಚು ಹಿಡಿದರೆ ಮನ್ನಿಸಬೇಕು.

ಮೊದಲು ವಸೂಲಿಯ ಮಾತು. ಸುದ್ದಿ ಹಾಕುತ್ತೇನೆ ಎಂದು ಹೆದರಿಸಿ ಹಣ ಕೀಳುವುದು ಸುಲಿಗೆ. ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ ಅಡಿ ಅದಕ್ಕೆ 7 ವರ್ಷದವರೆಗೆ ಶಿಕ್ಷೆ ಇದೆ. ಕೇಳಿದವನು ಪತ್ರಕರ್ತನೋ ಅಲ್ಲವೋ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಇದು ಪೊಲೀಸರು ತಾವೇ ದಾಖಲಿಸಿಕೊಳ್ಳಬೇಕಾದ ಅಪರಾಧ. ಕರೆಯ ರೆಕಾರ್ಡಿಂಗ್, ವಾಟ್ಸ್‌ಆ್ಯಪ್ ಸಂದೇಶ, ಯಾವ ದಿನ ಎಲ್ಲಿ ಎಷ್ಟು ಕೇಳಿದರು ಎಂಬ ಒಂದು ಪುಟದ ಫಿರ್ಯಾದಿ ಇದ್ದರೆ ಸಾಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173(4)ರಂತೆ ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಬೇಕು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು. ಹಾಗಿದ್ದೂ ಇಂಥ ಪ್ರಕರಣ ಬೆರಳೆಣಿಕೆಯಷ್ಟು ಯಾಕೆ? ಹಣ ಕೊಟ್ಟವನ ಹತ್ತಿರವೂ ಮುಚ್ಚಿಡಬೇಕಾದದ್ದು ಇರುತ್ತದೆ. ಮೂರು ಇಂಚು ಹಾಕಬೇಕಾದ ಕಾಂಕ್ರೀಟನ್ನು ಒಂದೂವರೆ ಇಂಚು ಹಾಕಿದ ಗುತ್ತಿಗೆದಾರ ಠಾಣೆಗೆ ಹೋಗಿ ಏನು ಹೇಳಿಯಾನು? ಈ ಗಂಟನ್ನು ಲೈಸೆನ್ಸ್ ಬಿಚ್ಚುವುದಿಲ್ಲ. ಲೈಸೆನ್ಸ್ ಬಂದರೆ ಕಚೇರಿ ಕಚೇರಿ ಅಲೆದು ಮೊದಲು ಮಾಡಿಸಿಕೊಳ್ಳುವವರೂ ಇವರೇ, ಅಲೆಯಲು ಅವರಿಗೆ ಪುರಸೊತ್ತು ಇದೆ. ಆಮೇಲೆ ಸ್ಟಿಕರಿನ ಬದಲು ಸರ್ಕಾರದ ಮುದ್ರೆಯೇ ಬೈಕಿನ ಮೇಲೆ ಬರುತ್ತದೆ.

ಲೈಸೆನ್ಸ್ ಏನು ಮಾಡುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ, ಟಿವಿ ವಾಹಿನಿಗಳಲ್ಲಿ ಅದು ಇದ್ದೇ ಇದೆ. ಉಪಗ್ರಹಕ್ಕೆ ಅಪ್‌ಲಿಂಕ್ ಮಾಡುವ ಅನುಮತಿ 10 ವರ್ಷದ್ದು, ನವೀಕರಣಕ್ಕೆ ಗೃಹ ಸಚಿವಾಲಯದ ಭದ್ರತಾ ಒಪ್ಪಿಗೆ ಬೇಕು. ಮಲಯಾಳದ ಮೀಡಿಯಾಒನ್ ವಾಹಿನಿಯ ಅನುಮತಿ 2021ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2022ರ ಜನವರಿ 31ಕ್ಕೆ ಪ್ರಸಾರ ನಿಂತಿತು. ಕಾರಣ ಏನೆಂದು ವಾಹಿನಿಗೆ ಹೇಳಲಿಲ್ಲ. ಅದನ್ನು ಮೊಹರು ಮಾಡಿದ ಲಕೋಟೆಯಲ್ಲಿ ನ್ಯಾಯಾಲಯಕ್ಕೆ ಕೊಟ್ಟರು, ಹೈಕೋರ್ಟು ಅದನ್ನು ಓದಿ ಒಪ್ಪಿತು. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ಆದೇಶವನ್ನು ರದ್ದು ಮಾಡಿ, ಸರ್ಕಾರದ ನೀತಿಯನ್ನು ಟೀಕಿಸುವುದು ದೇಶದ ಭದ್ರತೆಗೆ ಧಕ್ಕೆಯಲ್ಲ ಎಂದಿತು. ಗೆದ್ದರು ನಿಜ. ಆದರೆ ದೆಹಲಿಯವರೆಗೆ ಹಿರಿಯ ವಕೀಲರನ್ನು ಇಟ್ಟು ಬಡಿದಾಡುವ ತಾಕತ್ತು ರಾಣೆಬೆನ್ನೂರಿನಲ್ಲಿ ಒಂದು ಮೊಬೈಲ್ ಇಟ್ಟುಕೊಂಡು ಎಪಿಎಂಸಿ ಸುದ್ದಿ ಮಾಡುವವನಿಗೆ ಎಲ್ಲಿಂದ ಬರಬೇಕು? ಅವನಿಗೆ ನವೀಕರಣದ ದಿನಾಂಕ ನೆನಪಿದ್ದರೆ ಸಾಕು, ಯಾರೂ ಏನೂ ಹೇಳದೆಯೇ ಒಂದು ವರ್ಷ ಮೊದಲಿನಿಂದ ದನಿ ತಗ್ಗಿರುತ್ತದೆ.

ಅಚ್ಚಿನ ಪತ್ರಿಕೆಗೆ ನಮ್ಮಲ್ಲಿ ಲೈಸೆನ್ಸ್ ಇಲ್ಲ, ಇರುವುದು ನೋಂದಣಿ. ಎರಡಕ್ಕೂ ಇರುವ ವ್ಯತ್ಯಾಸ ‘ಮುದ್ರಣ ಕಾಶಿ’ ಎನಿಸಿಕೊಂಡ ಗದಗ-ಬೆಟಗೇರಿಯವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯಲಾರದು. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆ 150 ವರ್ಷಕ್ಕೂ ಹೆಚ್ಚು ಕಾಲ ಬಾಳಿ, 2024ರ ಮಾರ್ಚ್ 1ರಿಂದ 2023ರ ಹೊಸ ಕಾಯ್ದೆಗೆ ಜಾಗ ಬಿಟ್ಟಿತು. ಹೊಸದರಲ್ಲಿ ಒಳ್ಳೆಯದೂ ಇದೆ. ಹಿಂದೆ ಜಿಲ್ಲಾಧಿಕಾರಿಯ ಮುಂದೆ ನಿಂತು ಘೋಷಣೆ ಮಾಡಬೇಕಿತ್ತು, ಸಣ್ಣ ತಪ್ಪಿಗೂ ಜೈಲಿನ ಮಾತಿತ್ತು. ಈಗ ಪ್ರೆಸ್ ಸೇವಾ ಪೋರ್ಟಲಿನಲ್ಲಿ ಶೀರ್ಷಿಕೆ ಮತ್ತು ನೋಂದಣಿಗೆ ಒಟ್ಟಿಗೇ ಅರ್ಜಿ ಹಾಕಬಹುದು. ಅದರ ಪ್ರತಿ ಜಿಲ್ಲೆಯ ಅಧಿಕಾರಿಗೆ ಹೋಗುತ್ತದೆ, ಅವರು 60 ದಿನದೊಳಗೆ ಅಭಿಪ್ರಾಯ ಹೇಳಬೇಕು, ಹೇಳದಿದ್ದರೂ ಪ್ರೆಸ್ ರಿಜಿಸ್ಟ್ರಾರ್ ಜನರಲ್ ಮುಂದುವರಿಯಬಹುದು. ಮುದ್ರಣಾಲಯದವರು ಆನ್‌ಲೈನಿನಲ್ಲಿ ಒಂದು ಮಾಹಿತಿ ಸಲ್ಲಿಸಿದರೆ ಆಯಿತು.

ತಕರಾರು ಇರುವುದು ಬೇರೆ ಕಡೆ. ಭಯೋತ್ಪಾದಕ ಕೃತ್ಯ, ಕಾನೂನುಬಾಹಿರ ಚಟುವಟಿಕೆಗಳಲ್ಲಿ ಶಿಕ್ಷೆಯಾದವರ ಜೊತೆಗೆ ‘ರಾಜ್ಯದ ಭದ್ರತೆಗೆ ವಿರುದ್ಧವಾಗಿ ಏನನ್ನಾದರೂ ಮಾಡಿದವರು’ ಕೂಡ ಪತ್ರಿಕೆ ತರುವಂತಿಲ್ಲ. ಈ ‘ಏನನ್ನಾದರೂ’ ಎಂಬ ಪದಕ್ಕೆ ಎಲ್ಲೆ ಎಲ್ಲಿ? ದಾಖಲೆ ನೋಡಲು ಅಧಿಕಾರಿ ಕಚೇರಿಯೊಳಕ್ಕೆ ಬರಬಹುದು. ತಪ್ಪು ವಿವರ ಕೊಟ್ಟದ್ದಕ್ಕೆ, ಪತ್ರಿಕೆಯನ್ನು ಸರಿಯಾಗಿ ಹೊರತರದಿದ್ದುದಕ್ಕೆ ನೋಂದಣಿಯನ್ನು 30 ದಿನ ಅಮಾನತು ಮಾಡಿ, ಅದನ್ನು 180 ದಿನದವರೆಗೂ ಎಳೆಯಬಹುದು. ನೋಂದಣಿ ಇಲ್ಲದೆ ಅಚ್ಚು ಹಾಕಿದರೆ ದಂಡ 5 ಲಕ್ಷದವರೆಗೆ, ನಿಲ್ಲಿಸಿ ಎಂದ ಮೇಲೂ 6 ತಿಂಗಳು ಮುಂದುವರಿಸಿದರೆ ಜೈಲು. ಮೇಲ್ಮನವಿಗೆ 60 ದಿನ ಅವಕಾಶ. ಮಂಡಳಿಯಲ್ಲಿ ಕೂರುವವರು ಪ್ರೆಸ್ ಕೌನ್ಸಿಲ್ ಅಧ್ಯಕ್ಷರು ಮತ್ತು ಅದರ ಇಬ್ಬರು ಸದಸ್ಯರು. ಇದೊಂದು ಸಮಾಧಾನ, ಅಲ್ಲಿ ಸಚಿವರಿಲ್ಲ. ಆದರೆ ಮೂರು ಸಾವಿರ ಪ್ರತಿಯ ವಾರಪತ್ರಿಕೆ ಆರು ತಿಂಗಳು ನಿಂತರೆ ಮೇಲ್ಮನವಿಯಲ್ಲಿ ಗೆದ್ದ ಹೊತ್ತಿಗೆ ಏಜೆಂಟರು ಬೇರೆ ಪತ್ರಿಕೆ ಹಿಡಿದಿರುತ್ತಾರೆ, ಓದುಗ ಹೆಸರನ್ನೇ ಮರೆತಿರುತ್ತಾನೆ.

‘ತಪ್ಪು ವಿವರ’ ಎಂದರೆ ಮುಖ್ಯವಾಗಿ ಪ್ರಸಾರ ಸಂಖ್ಯೆ, ಅಂದರೆ ಎಷ್ಟು ಪ್ರತಿ ಹೋಗುತ್ತದೆ ಎಂಬ ಲೆಕ್ಕ. ನಮ್ಮ ಕಡೆಯ ಸಣ್ಣ ಪತ್ರಿಕೆಗಳನ್ನು ಆಳುವ ನಿಜವಾದ ಹಗ್ಗ ಇಲ್ಲೇ ಇದೆ, ಆದ್ದರಿಂದ ಸ್ವಲ್ಪ ನಿಂತು ನೋಡೋಣ. 45 ಜಿಎಸ್‌ಎಂ (ಚದರ ಮೀಟರಿಗೆ 45 ಗ್ರಾಂ ತೂಗುವ) ಸುದ್ದಿಕಾಗದದಲ್ಲಿ ದೊಡ್ಡ ಅಳತೆಯ ನಾಲ್ಕು ಪುಟಕ್ಕೆ ಒಂದು ಹಾಳೆ, ಸುಮಾರು 17 ಗ್ರಾಂ. ಎಂಟು ಪುಟದ ಒಂದು ಪ್ರತಿ 34 ಗ್ರಾಂ. ಎರಡು ಸಾವಿರ ಪ್ರತಿಗೆ ದಿನಕ್ಕೆ 70 ಕಿಲೋ ಕಾಗದ ಬೇಕು. ಯಂತ್ರ ಹದಕ್ಕೆ ಬರುವವರೆಗೆ ಹಾಳಾಗುವುದನ್ನೂ ಸೇರಿಸಿದರೆ ಇನ್ನಷ್ಟು. ಅದರಲ್ಲಿ ನಾಲ್ಕು ಪುಟ ಬಣ್ಣದ್ದಾದರೆ ಬಣ್ಣಕ್ಕೊಂದು ಅಚ್ಚಿನ ಪ್ಲೇಟಿನ ಲೆಕ್ಕದಲ್ಲಿ ಪುಟಕ್ಕೆ ನಾಲ್ಕರಂತೆ 16 ಪ್ಲೇಟು, ಉಳಿದ ಕಪ್ಪು-ಬಿಳುಪಿಗೆ 4, ಒಟ್ಟು 20 ಪ್ಲೇಟು. ಒಂದೇ ಪ್ರತಿ ಅಚ್ಚು ಹಾಕಿದರೂ ಪ್ಲೇಟಿನ ಖರ್ಚು ಅಷ್ಟೇ. ಮುಖಬೆಲೆಯಿಂದ, ಅದರಲ್ಲೂ ಏಜೆಂಟನ ಕಮಿಷನ್ ಕಳೆದು ಉಳಿಯುವುದರಿಂದ, ಇದು ಹುಟ್ಟುವುದಿಲ್ಲ. ಹಾಗಾಗಿ ಕಣ್ಣು ಸರ್ಕಾರಿ ಜಾಹೀರಾತಿನ ಮೇಲೆ: ಟೆಂಡರ್ ಪ್ರಕಟಣೆ, ಜಯಂತಿಗಳ ಶುಭಾಶಯ, ನಗರಸಭೆಯ ಹರಾಜು ನೋಟಿಸು. ಅದು ಸಿಗಬೇಕಾದರೆ ವಾರ್ತಾ ಇಲಾಖೆಯ ಮಾಧ್ಯಮ ಪಟ್ಟಿಯಲ್ಲಿ ಹೆಸರಿರಬೇಕು. ಪಟ್ಟಿಗೆ ಸೇರಲು, ದರ ಏರಲು ಪ್ರಸಾರ ಸಂಖ್ಯೆ ಬೇಕು. ಸಂಖ್ಯೆ ಊದಿಕೊಳ್ಳುವುದು ಇಲ್ಲಿಂದ.

ಊದಿದ ಸಂಖ್ಯೆ ಹಿಡಿಯುವುದು ಕಷ್ಟವಲ್ಲ. 25 ಸಾವಿರ ಪ್ರತಿ ಎಂದು ಬರೆದುಕೊಟ್ಟ ಎಂಟು ಪುಟದ ದಿನಪತ್ರಿಕೆ ತಿಂಗಳಿಗೆ ಸುಮಾರು 26 ಟನ್ ಕಾಗದ ಕೊಂಡಿರಬೇಕು. ಕಾಗದದ ಜಿಎಸ್‌ಟಿ ಬಿಲ್ಲು, ಅಚ್ಚಿನ ಬಿಲ್ಲು, ಮುದ್ರಣಾಲಯದ ಕರೆಂಟ್ ಬಿಲ್ಲು ಮೂರನ್ನೂ ಪಕ್ಕದಲ್ಲಿಟ್ಟರೆ ಸುಳ್ಳು ಅರ್ಧ ಗಂಟೆಯಲ್ಲಿ ಹೊರಬೀಳುತ್ತದೆ. ಹಾಗಾದರೆ ಯಾಕೆ ಹೊರಬೀಳುವುದಿಲ್ಲ? ಸುಳ್ಳು ಹಾಗೆಯೇ ಇರುವುದು ಅಧಿಕಾರದಲ್ಲಿರುವವರಿಗೆ ಅನುಕೂಲ. ಬಹಳ ಮಂದಿ ತಪ್ಪು ಲೆಕ್ಕ ಕೊಟ್ಟಿರುವ ಕಡೆ ಯಾರ ಕಡತ ಬಿಚ್ಚಬೇಕು ಎಂಬುದು ಮರ್ಜಿಯ ವಿಷಯವಾಗುತ್ತದೆ. ಕೆರೆ ಒತ್ತುವರಿಯ ಸುದ್ದಿ ಬಂದ ವಾರವೇ ಒಬ್ಬರ ಕಡತ ತೆರೆದುಕೊಂಡರೆ ಅದನ್ನು ಸೆನ್ಸಾರ್ ಎಂದು ಕರೆಯಲು ಯಾವ ವಕೀಲನಿಗೂ ಬರುವುದಿಲ್ಲ, ಯಾಕೆಂದರೆ ಲೆಕ್ಕ ಸುಳ್ಳಾಗಿರುವುದು ನಿಜವೇ. ಇನ್ನು ಜಾಹೀರಾತು ಕೊಟ್ಟು ಬಿಲ್ ಬಾಕಿ ಇಡುವುದು ಇದರ ಇನ್ನೊಂದು ಮಗ್ಗುಲು. ಮೂಗು ಹಿಡಿದರೆ ಬಾಯಿ ತೆರೆಯುತ್ತದೆ ಎನ್ನುತ್ತಾರೆ. ಇಲ್ಲಿ ಮೂಗು ಹಿಡಿದರೆ ಬಾಯಿ ಮುಚ್ಚುತ್ತದೆ.

ಕಾಗದದ ಮೂಲಕ ಪತ್ರಿಕೆಯ ಕುತ್ತಿಗೆ ಹಿಡಿಯುವ ಉಪಾಯ ಹೊಸದಲ್ಲ. ಪುಟಕ್ಕೆ ಇಷ್ಟು ಬೆಲೆ ಎಂದು ಕಟ್ಟುಹಾಕಿದ 1960ರ ಆದೇಶವನ್ನು ಪುಣೆಯ ಸಕಾಳ್ ಪತ್ರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಹತ್ತು ಪುಟ ಮೀರಬಾರದು ಎಂದ 1972-73ರ ಸುದ್ದಿಕಾಗದ ನೀತಿಯೂ ನಿಲ್ಲಲಿಲ್ಲ. ಆಮದು ಕಾಗದದ ಮೇಲೆ 2019ರಲ್ಲಿ ಹಾಕಿದ 10 ಶೇಕಡ ಸುಂಕ ಮರುವರ್ಷ 5ಕ್ಕೆ ಇಳಿಯಿತು. ತುರ್ತು ಪರಿಸ್ಥಿತಿಯ ಮೊದಲ ರಾತ್ರಿ ದೆಹಲಿಯ ಪತ್ರಿಕೆಗಳಿಗೆ ಸೆನ್ಸಾರ್ ಅಧಿಕಾರಿ ಬರುವುದಕ್ಕೂ ಮುಂಚೆ ಕರೆಂಟು ಹೋಗಿತ್ತು ಎಂಬುದನ್ನು ಮರೆಯಬಾರದು.

‘ಆದರೂ ಯಾರಾದರೂ ಒಬ್ಬರು ಕೇಳುವವರು ಬೇಕಲ್ಲ’ ಎನ್ನುವವರಿಗೆ ನನ್ನ ಪ್ರಶ್ನೆ: ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ? 2025ರ ಜೂನಿನಲ್ಲಿ ಹೊರಬಿದ್ದ ನಮ್ಮ ರಾಜ್ಯದ ತಪ್ಪು ಮಾಹಿತಿ ಮತ್ತು ಸುಳ್ಳು ಸುದ್ದಿ ನಿಷೇಧ ಮಸೂದೆಯ ಕರಡಿನಲ್ಲಿ ಉತ್ತರ ಇತ್ತು. ಪ್ರಾಧಿಕಾರದ ಅಧ್ಯಕ್ಷರು ಸಚಿವರು. ಅವರೊಡನೆ ಶಾಸಕರು, ಸರ್ಕಾರವೇ ಹೆಸರಿಸುವ ಜಾಲತಾಣ ಕಂಪನಿಗಳ ಪ್ರತಿನಿಧಿಗಳು, ಕಾರ್ಯದರ್ಶಿಯಾಗಿ ಐಎಎಸ್ ಅಧಿಕಾರಿ. ಸುಳ್ಳು ಸುದ್ದಿಗೆ 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಸ್ತ್ರೀವಾದಕ್ಕೆ ವಿರುದ್ಧವಾದದ್ದು, ಸನಾತನ ಸಂಕೇತಗಳಿಗೆ ಅಗೌರವ ತೋರುವುದು ಎಂಬ ಎರಡು ಭಿನ್ನ ಊರಿನ ಮಾತುಗಳೂ ಅದೇ ಚೀಲದಲ್ಲಿದ್ದವು. ಇದು ಕರಡು ಮಾತ್ರ ಎಂದು ಸರ್ಕಾರ ಹೇಳಿತು. ಸರಿ. ಆದರೆ ಕರಡು ಬರೆದವರ ಮನಸ್ಸಿನಲ್ಲಿದ್ದ ಕುರ್ಚಿ ಯಾವುದೆಂದು ಗೊತ್ತಾಯಿತು.

ಬೆಂಗಳೂರಿನಲ್ಲಿ ಒಂದು ಪಕ್ಷ, ದೆಹಲಿಯಲ್ಲಿ ಇನ್ನೊಂದು. ಈ ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ ಪಂಕ್ತಿಯವರು. ಕೇಂದ್ರದ ವ್ಯವಹಾರಗಳ ಬಗ್ಗೆ ಬಂದದ್ದು ಸುಳ್ಳೋ ನಿಜವೋ ಎಂದು ಕೇಂದ್ರವೇ ಹೇಳುವ ಫ್ಯಾಕ್ಟ್‌ಚೆಕ್ ಘಟಕಕ್ಕೆ 2023ರ ಏಪ್ರಿಲಿನಲ್ಲಿ ಐಟಿ ನಿಯಮ ತಿದ್ದಿದರು. 2024ರ ಮಾರ್ಚ್ 20ರಂದು ಕೇಂದ್ರದ ಪತ್ರಿಕಾ ಮಾಹಿತಿ ಕಚೇರಿಯಾದ ಪಿಐಬಿ ಅಡಿಯಲ್ಲಿ ಅಧಿಸೂಚನೆ ಬಂತು, ಮರುದಿನವೇ ಸುಪ್ರೀಂ ಕೋರ್ಟ್ ತಡೆಯಿತು. ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಬಾರದೆ ಮೂರನೆಯವರಿಗೆ ಹೋಗಿದ್ದ ಪ್ರಕರಣದಲ್ಲಿ ಸೆಪ್ಟೆಂಬರ್ 20ರಂದು ಆ ನಿಯಮ ಬಿದ್ದುಹೋಯಿತು. ಬೀಳದೇ ಇದ್ದಿದ್ದರೆ ಏನಾಗುತ್ತಿತ್ತು ನೋಡಿ: ಬೆಳೆವಿಮೆ ಹಣ ಬಂದಿಲ್ಲ ಎಂದು ಶಿರಹಟ್ಟಿಯ ರೈತರು ಹೇಳಿದ ವಿಡಿಯೊ. ‘ಪಾವತಿಯಾಗಿದೆ’ ಎಂದು ಇಲಾಖೆಯ ಟಿಪ್ಪಣಿ. ಘಟಕ ಅದಕ್ಕೆ ‘ಸುಳ್ಳು’ ಎಂದು ಮುದ್ರೆ ಒತ್ತಿದರೆ, ಬೇರೆಯವರು ಹಾಕಿದ್ದಕ್ಕೆ ತಾನು ಹೊಣೆಯಲ್ಲ ಎಂಬ ಕಾನೂನಿನ ರಕ್ಷಣೆ ಕಳೆದುಕೊಳ್ಳುವ ಭಯಕ್ಕೆ ಯೂಟ್ಯೂಬೇ ಅದನ್ನು ತೆಗೆದುಹಾಕುತ್ತಿತ್ತು. ಹಣ ಪಾವತಿಯಾಗಿರಬಹುದು, ಖಾತೆಗೆ ಆಧಾರ್ ಜೋಡಣೆ ಆಗದೆ ವಾಪಸ್ ಹೋಗಿರಬಹುದು. ಇಬ್ಬರೂ ನಿಜವನ್ನೇ ಹೇಳಿರಬಹುದು. ಅದನ್ನು ಬಿಡಿಸಿ ನೋಡುವುದೇ ವರದಿಗಾರನ ಕೆಲಸ, ಮುದ್ರೆಗೆ ಆ ವ್ಯವಧಾನ ಇಲ್ಲ.

ಆರೋಪ ಮಾಡಿದವರೇ ತೀರ್ಪು ಕೊಟ್ಟರೆ ಹೇಗಿರುತ್ತದೆ ಎಂಬುದಕ್ಕೆ ನಮ್ಮ ವಿಧಾನಸಭೆಯೇ ಒಂದು ಪಾಠ ಬರೆದಿಟ್ಟಿದೆ. 2017ರ ಜೂನ್ 21ರಂದು ಹಕ್ಕುಚ್ಯುತಿ ಎಂದು ಇಬ್ಬರು ಪತ್ರಿಕಾ ಸಂಪಾದಕರಿಗೆ ಒಂದು ವರ್ಷ ಜೈಲು, 10 ಸಾವಿರ ದಂಡ ವಿಧಿಸಿತು. ಅವರಲ್ಲಿ ಒಬ್ಬರು ರವಿ ಬೆಳಗೆರೆ. ಆಗ ಸಭಾಧ್ಯಕ್ಷರಾಗಿದ್ದವರು ರಾಣೆಬೆನ್ನೂರಿನ ಕೆ.ಬಿ. ಕೋಳಿವಾಡ, ದೂರಿಗೆ ಕಾರಣವಾದ ಬರಹಗಳಲ್ಲಿ ಅವರ ಬಗ್ಗೆ ಬಂದದ್ದೂ ಸೇರಿತ್ತು. ಆ ಪತ್ರಿಕೆಗಳ ಬರವಣಿಗೆಯ ರೀತಿ ಎಲ್ಲರಿಗೂ ಒಪ್ಪಿಗೆಯಾಗಬೇಕಿಲ್ಲ. ಮಾನನಷ್ಟವಾಗಿದ್ದರೆ ನ್ಯಾಯಾಲಯವಿತ್ತು. ಸಾಕ್ಷಿ, ಪಾಟೀಸವಾಲು, ಮೇಲ್ಮನವಿ ಇರುವ ದಾರಿ ಅದು. ಸಂವಿಧಾನದ 194(3)ರಲ್ಲಿ ಹೇಳಿದ ಶಾಸಕರ ಹಕ್ಕುಗಳನ್ನು ಇವತ್ತಿಗೂ ಯಾರೂ ಪಟ್ಟಿ ಮಾಡಿಲ್ಲ.

ಇದಕ್ಕೆ ಹೋಲಿಸಿದರೆ ಪ್ರೆಸ್ ಕೌನ್ಸಿಲಿನ ರಚನೆ ಮೇಲು. ಅಧ್ಯಕ್ಷರನ್ನು ಬಿಟ್ಟು 28 ಮಂದಿಯಲ್ಲಿ ಸಂಪಾದಕರು 6, ಇತರ ಕಾರ್ಯನಿರತ ಪತ್ರಕರ್ತರು 7, ಪತ್ರಿಕೆಗಳ ಆಡಳಿತದವರು 6, ಸುದ್ದಿಸಂಸ್ಥೆಯಿಂದ 1, ಯುಜಿಸಿ, ವಕೀಲರ ಪರಿಷತ್ತು, ಸಾಹಿತ್ಯ ಅಕಾಡೆಮಿಗಳಿಂದ ಒಬ್ಬೊಬ್ಬರು, ಸಂಸದರು 5. ಅದು ಎಚ್ಚರಿಸಬಹುದು, ಛೀಮಾರಿ ಹಾಕಬಹುದು, ದಂಡ ಹಾಕಲಾರದು. ‘ಹಲ್ಲಿಲ್ಲದ ಹಾವು’ ಎಂದು ಹಳಿಯುವವರು ಬಹಳ. ತುರ್ತು ಪರಿಸ್ಥಿತಿಯಲ್ಲಿ ಆ ಹಲ್ಲಿಲ್ಲದ ಹಾವನ್ನೂ ಮುಚ್ಚಿದ್ದರು ಎಂಬುದನ್ನು ನೆನೆದರೆ ಅದರಲ್ಲಿ ಏನೋ ಸತ್ವ ಇತ್ತು ಎನಿಸುತ್ತದೆ. ಸಾಮಾನ್ಯ ಓದುಗನೂ ಅದಕ್ಕೆ ದೂರು ಕೊಡಬಹುದು: ಮೊದಲು ಸಂಪಾದಕರಿಗೆ ಬರೆದು ತಿದ್ದುಪಡಿ ಕೇಳಬೇಕು, ಉತ್ತರ ಬಾರದಿದ್ದರೆ ಆ ಪತ್ರದ ಪ್ರತಿ, ಪ್ರಕಟವಾದ ತುಣುಕಿನ ಪ್ರತಿ ಸೇರಿಸಿ, ದಿನಪತ್ರಿಕೆ, ವಾರಪತ್ರಿಕೆಯಾದರೆ ಎರಡು ತಿಂಗಳೊಳಗೆ ಕಳಿಸಬೇಕು. ಕನ್ನಡದ ತುಣುಕಾದರೆ ಇಂಗ್ಲಿಷ್ ಅನುವಾದವನ್ನೂ ಜೊತೆಗಿಡಬೇಕು. ಟಿವಿ, ಯೂಟ್ಯೂಬು ಅದರ ವ್ಯಾಪ್ತಿಗೆ ಬರುವುದಿಲ್ಲ. ಸುಧಾರಣೆ ಬೇಕಾದರೆ ಈ ಕೊರತೆಯಿಂದ ಶುರುಮಾಡಬಹುದು.

ಒಳ್ಳೆಯವರು ಕೂತರೆ ಸರಿಹೋಗುತ್ತದೆ ಎಂಬ ಆಸೆಗೂ ಧಾರವಾಡದ ಹತ್ತಿರ ಉತ್ತರವಿದೆ. 1921ರಲ್ಲಿ ಅಲ್ಲಿಂದ ‘ಕರ್ಮವೀರ’ ಹೊರಡಿಸಿದ, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡ ರಂಗನಾಥ ದಿವಾಕರರು 1949ರಿಂದ 52ರವರೆಗೆ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರು. ವಾಕ್ ಸ್ವಾತಂತ್ರ್ಯದ ಮಿತಿಗಳನ್ನು ಹಿಗ್ಗಿಸಿದ ಮೊದಲ ತಿದ್ದುಪಡಿ ಬಂದದ್ದು ಅದೇ 1951ರಲ್ಲಿ. ಮುದ್ರಣಾಲಯಗಳಿಂದ ಠೇವಣಿ ಕೇಳುವ ಬ್ರಿಟಿಷರ ಪದ್ಧತಿ ಅದೇ ವರ್ಷ ಹೊಸ ಕಾಯ್ದೆಯಾಗಿ ಮರಳಿತು. ಅದನ್ನು ತಂದವರು ಗೃಹ ಸಚಿವ ರಾಜಾಜಿ, ದಿವಾಕರರಲ್ಲ. 1956ರಲ್ಲಿ ಅದು ತಾನಾಗಿಯೇ ತೀರಿಹೋಯಿತು. ರಾಜಾಜಿಯವರೂ ಕೆಟ್ಟವರಾಗಿರಲಿಲ್ಲ.

ಇನ್ನು ನಮ್ಮ ಊರುಗಳಲ್ಲಿ ದಿನನಿತ್ಯ ನಡೆಯುವ ನಿಯಂತ್ರಣಕ್ಕೆ ಬರೋಣ. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಠಾಣೆ ಮತ್ತು ಕೋರ್ಟು ಸಾಕು. ಕ್ರಿಮಿನಲ್ ಮಾನನಷ್ಟ (ಈಗ ನ್ಯಾಯ ಸಂಹಿತೆಯ 356ನೇ ಕಲಂ) ಪತ್ರಿಕೆ ಓದಿದ ಊರಲ್ಲೇ ಹೂಡಬಹುದು. ಗೌರಿ ಲಂಕೇಶರಿಗೆ 2016ರ ನವೆಂಬರಿನಲ್ಲಿ ಆರು ತಿಂಗಳ ಶಿಕ್ಷೆ ವಿಧಿಸಿದ್ದು ಹುಬ್ಬಳ್ಳಿಯ ನ್ಯಾಯಾಲಯ, ವರದಿ ಬಂದದ್ದು 2008ರ ಜನವರಿಯಲ್ಲಿ. ಎಂಟು ವರ್ಷ ಬೆಂಗಳೂರಿನಿಂದ ಹುಬ್ಬಳ್ಳಿಗೆ ವಾಯಿದೆಗೆ ಬರುವುದೇ ಒಂದು ಶಿಕ್ಷೆ. ಕ್ರಿಮಿನಲ್ ಪ್ರಕರಣದಲ್ಲಿ ‘ಬರೆದದ್ದು ನಿಜ’ ಎಂದರೆ ಸಾಲದು, ಸಾರ್ವಜನಿಕ ಹಿತಕ್ಕಾಗಿ ಬರೆದದ್ದು ಎಂದೂ ತೋರಿಸಬೇಕು. ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಂ ಒಂದು ಅನುಕೂಲ ಮಾಡಿದೆ: ಮ್ಯಾಜಿಸ್ಟ್ರೇಟರು ದೂರನ್ನು ಪರಿಗಣನೆಗೆ ತೆಗೆದುಕೊಳ್ಳುವ ಮೊದಲೇ ಎದುರಾಳಿಯ ಮಾತು ಕೇಳಬೇಕು. ಬಹಳ ಮಂದಿ ಆ ದಿನ ಸುಮ್ಮನೆ ವಕಾಲತ್ತು ಹಾಕಿ ಬರುತ್ತಾರೆ. ದಾಖಲೆ ಇಡಬೇಕಾದದ್ದು ಆಗಲೇ. ಇನ್ನೊಂದನ್ನು ಸ್ಥಳೀಯ ಸಂಸ್ಥೆಗಳಿಗೆ ನೆನಪಿಸಬೇಕು: ಸರ್ಕಾರ, ಸ್ಥಳೀಯ ಪ್ರಾಧಿಕಾರಗಳು ತಮ್ಮ ಮಾನ ಹೋಯಿತೆಂದು ಪರಿಹಾರದ ದಾವೆ ಹೂಡುವಂತಿಲ್ಲ ಎಂದು 1994ರ ಆಟೊ ಶಂಕರ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಎಫ್‌ಐಆರ್ ಹಾಕುವಾಗ ಬಳಸುವ ಕಲಂಗಳು ಹೆಚ್ಚಾಗಿ ನ್ಯಾಯ ಸಂಹಿತೆಯ 196 ಮತ್ತು 353, ಗುಂಪುಗಳ ನಡುವೆ ವೈರ ಹಚ್ಚುವುದು, ಗಾಬರಿ ಹುಟ್ಟಿಸುವ ಹೇಳಿಕೆ. ಇವುಗಳಿಗೆ ಮೂರು ವರ್ಷದವರೆಗೆ ಶಿಕ್ಷೆ. ಮಾತು, ಬರಹಗಳಿಗೆ ಸಂಬಂಧಿಸಿದ ಇಂಥ ಆರೋಪ ಬಂದಾಗ ನೇರವಾಗಿ ಎಫ್‌ಐಆರ್‌ಗೆ ಇಳಿಯದೆ, ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡುವುದೇ ಸರಿ ಎಂದು ಸುಪ್ರೀಂ ಕೋರ್ಟಿನ 2025ರ ಮಾರ್ಚ್ 28ರ ಇಮ್ರಾನ್ ಪ್ರತಾಪ್‌ಗಢಿ ತೀರ್ಪು ಹೇಳಿದೆ. ಈ ತೀರ್ಪಿನ ಪ್ರತಿಯನ್ನು ಪ್ರತಿ ತಾಲ್ಲೂಕು ಪತ್ರಕರ್ತರ ಸಂಘವೂ ಕಚೇರಿಯಲ್ಲಿ ಇಟ್ಟುಕೊಳ್ಳಬೇಕು. ಠಾಣೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ ಎಂದು ನಂಬಿ ಕೂರಬಾರದು. ಇನ್ನು ನಿಜವಾಗಿಯೂ ಬೆಂಕಿ ಹಚ್ಚುವ ಪೋಸ್ಟ್ ಬಂದಾಗ ಹಳೆಯ ಕಾನೂನೇ ಸಾಕಾಗುತ್ತದೆ. 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿಯಲ್ಲಿ ಗಲಭೆಗೆ ನೆಪವಾದ ಪೋಸ್ಟ್ ಹಾಕಿದವನನ್ನು ಬಂಧಿಸಲು ಯಾವ ಹೊಸ ಪ್ರಾಧಿಕಾರವೂ ಬೇಕಾಗಲಿಲ್ಲ.

ಎಲ್ಲಕ್ಕಿಂತ ನೋವಿನದು ಮೊಬೈಲ್ ಜಪ್ತಿ. ಈಗಿನ ವರದಿಗಾರನ ಡೈರಿ, ಕ್ಯಾಮೆರಾ, ಮೂಲಗಳ ಹೆಸರು ಎಲ್ಲವೂ ಅದರಲ್ಲೇ. ಫೋನ್ ಹೋದರೆ ಹತ್ತು ವರ್ಷ ನಂಬಿ ಮಾತಾಡಿದ ಗುಮಾಸ್ತ, ನರ್ಸು, ಶಿಕ್ಷಕ ಎಲ್ಲರೂ ಬಯಲಿಗೆ ಬಂದಂತೆ. ಆದ್ದರಿಂದ ಕ್ರಮ ಗೊತ್ತಿರಬೇಕು. ‘ಫೋನ್ ತಗೊಂಡು ಬಾ’ ಎಂದು ಬಾಯಿಮಾತಿನಲ್ಲಿ ಕರೆದರೆ ಲಿಖಿತ ನೋಟಿಸು ಕೇಳಬೇಕು. ಅದರಲ್ಲಿ ಪ್ರಕರಣದ ಸಂಖ್ಯೆ, ಯಾವ ಕಲಂ, ಯಾವ ದಾಖಲೆ ಬೇಕು ಎಂಬುದಿರಬೇಕು. ಒಂದು ವಿಡಿಯೊ ಬೇಕೆಂದರೆ ಆ ಫೈಲನ್ನು ಕೊಡಬಹುದು, ಇಡೀ ಫೋನನ್ನು ಒಪ್ಪಿಸುವ ಅಗತ್ಯ ಏನೆಂದು ಬರಹದಲ್ಲಿ ಕೇಳಬಹುದು. ಜಪ್ತಿ ಮಾಡಲೇಬೇಕೆಂದರೆ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಅದರ ವಿಡಿಯೊ ಚಿತ್ರೀಕರಣ ಕಡ್ಡಾಯ. ಪಂಚನಾಮೆಯಲ್ಲಿ ಮಾದರಿ, ಐಎಂಇಐ ಸಂಖ್ಯೆ, ಸಿಮ್, ಮೆಮೊರಿ ಕಾರ್ಡು ಬರೆಯಿಸಬೇಕು. ಹ್ಯಾಶ್ ಮೌಲ್ಯ ಬರೆಯಿಸುವುದನ್ನು ಮಾತ್ರ ಮರೆಯಲೇಬಾರದು. ಫೋನಿನಲ್ಲಿರುವ ಮಾಹಿತಿಯ ಬೆರಳಚ್ಚು ಅದು. ಒಳಗೆ ಒಂದು ಅಕ್ಷರ ಸೇರಿದರೂ ಅಂಕಿ ಪೂರ್ತಿ ಬದಲಾಗುತ್ತದೆ. ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲೇ ಅದಕ್ಕೆ ಜಾಗವಿದೆ. ಜಪ್ತಿಯ ದಿನ ಈ ಅಂಕಿ ಬರೆದುಕೊಳ್ಳದಿದ್ದರೆ ಮೂರು ತಿಂಗಳ ನಂತರ ಫೋನಿನಲ್ಲಿ ಏನೇ ಸಿಕ್ಕರೂ ಅದು ಮೊದಲೇ ಇತ್ತೋ ಆಮೇಲೆ ಬಂತೋ ಹೇಳಲು ಯಾರಿಂದಲೂ ಆಗದು. ಸ್ಮಾರ್ಟ್‌ಫೋನ್ ಶೋಧ ಹೇಗಿರಬೇಕೆಂದು ನಮ್ಮ ಹೈಕೋರ್ಟೇ 2021ರ ವೀರೇಂದ್ರ ಖನ್ನಾ ತೀರ್ಪಿನಲ್ಲಿ ಸವಿಸ್ತಾರವಾಗಿ ಹೇಳಿದೆ. ಮೂಲಗಳ ಹೆಸರನ್ನು ಫೋನಿನಲ್ಲಿ ನಿಜ ಹೆಸರಿನಿಂದಲೇ ಉಳಿಸಿಕೊಳ್ಳುವ ವರದಿಗಾರರಿಗೆ ಇಷ್ಟೇ ಹೇಳುವುದು: ಇವತ್ತೇ ಬದಲಾಯಿಸಿ.

ಜಾಲತಾಣದಲ್ಲಿ ಸುದ್ದಿ ತಡೆಯುವ ದಾರಿಗಳಲ್ಲಿ ಐಟಿ ಕಾಯ್ದೆಯ 69ಎ ಕಲಂ ಹಳೆಯದು. 2009ರ ನಿಯಮಗಳಲ್ಲಿ ಬರೆದವರಿಗೆ ಉತ್ತರ ಹೇಳಲು ಕನಿಷ್ಠ 48 ಗಂಟೆ ಕೊಡಬೇಕೆಂದಿದೆ. ಆದರೆ ‘ತುರ್ತು’ ಎಂದರೆ ಮೊದಲು ತಡೆದು ಆಮೇಲೆ ಸಮಿತಿಯ ಮುಂದಿಡಬಹುದು, 16ನೇ ನಿಯಮದಂತೆ ಎಲ್ಲವೂ ಗೋಪ್ಯ. ಹೀಗಾಗಿ ಚಾನೆಲ್ ನಡೆಸುವವನಿಗೆ ಕಾಣುವುದು ‘ಈ ವಿಡಿಯೊ ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಎಂಬ ಒಂದು ಸಾಲು ಮಾತ್ರ. ಅದೇ ಕಾಯ್ದೆಯ 79(3)(ಬಿ) ಕಲಂ ಬಳಸಿ, ಅಧಿಕಾರಿಗಳು ಜಾಲತಾಣ ಕಂಪನಿಗಳಿಗೆ ಸೂಚನೆ ಕಳಿಸುವ ಕೇಂದ್ರದ ಸಹಯೋಗ್ ಪೋರ್ಟಲಿನ ಮೂಲಕ ತೆಗೆಸುವುದು ಇನ್ನೊಂದು ದಾರಿ. ಅದನ್ನು ಪ್ರಶ್ನಿಸಿದ ಎಕ್ಸ್ ಕಂಪನಿಯ ಅರ್ಜಿಯನ್ನು ನಮ್ಮ ಹೈಕೋರ್ಟು 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು. ಅಲ್ಲಿ ಅರ್ಜಿ ಹಾಕಿದ್ದು ಕಂಪನಿ, ಬರೆದವನಲ್ಲ. ಗುರುತಿಸಬಹುದಾದ ಬರಹಗಾರನಿಗೆ ಆದೇಶದ ಪ್ರತಿ ಕೊಡಲೇಬೇಕು ಎಂಬ ಒಂದು ಸಾಲು ನಿಯಮಕ್ಕೆ ಸೇರಿದರೆ ಧಾರವಾಡ ಪೀಠದಲ್ಲೇ ರಿಟ್ ಹಾಕಬಹುದು. ಪ್ರತಿಯೇ ಇಲ್ಲದೆ ಏನನ್ನು ಪ್ರಶ್ನಿಸುವುದು?

ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ 8(1)(ಜೆ) ಬದಲಾದದ್ದು ಬೇರೆಯೇ ಪತ್ರಕ್ಕೆ ವಸ್ತು. 2025ರ ನವೆಂಬರಿನಿಂದ ‘ವೈಯಕ್ತಿಕ ಮಾಹಿತಿ’ ಎಂದು ಹೇಳಿ ಫಲಾನುಭವಿ ಪಟ್ಟಿಯನ್ನೂ ನಿರಾಕರಿಸುವುದು ಸುಲಭವಾಗಿದೆ. ಸಾರ್ವಜನಿಕ ಹಿತ ದೊಡ್ಡದಿದ್ದರೆ ಮಾಹಿತಿ ಕೊಡಬಹುದೆನ್ನುವ 8(2)ನ್ನು ಅರ್ಜಿಯಲ್ಲೇ ಹೆಸರಿಸಿ, ಸಾರ್ವಜನಿಕ ಹಿತ ಏನೆಂದು ಎರಡು ಸಾಲು ಬರೆಯುವುದು ಸದ್ಯಕ್ಕೆ ಇರುವ ದಾರಿ.

ಹಾಗಾದರೆ ಸುಳ್ಳು ಬರೆಯುವ ಪತ್ರಿಕೆಯನ್ನು ಏನು ಮಾಡುವುದು? ಮೊದಲ ಕೆಲಸ ಪತ್ರಿಕೆಗಳದ್ದೇ. ಮುಖಪುಟದಲ್ಲಿ ಆರು ಕಾಲಂ ತಪ್ಪು ಬರೆದು ಒಳಪುಟದ ಮೂಲೆಯಲ್ಲಿ ಎರಡು ಸಾಲು ‘ವಿಷಾದ’ ಹಾಕುವ ಚಾಳಿ ಹೋಗಬೇಕು. ತಪ್ಪು ಬಂದ ಪುಟದಲ್ಲೇ, ಏನು ಬರೆದಿದ್ದೆವು, ಯಾವುದು ತಪ್ಪು, ಸರಿ ಯಾವುದು ಎಂದು ಮೂರನ್ನೂ ಹೇಳುವ ತಿದ್ದುಪಡಿ ಬರಬೇಕು. ವೆಬ್‌ನಲ್ಲಿ ಸದ್ದಿಲ್ಲದೆ ಬದಲಾಯಿಸದೆ ಕೆಳಗೆ ದಿನಾಂಕ ಸಹಿತ ನಮೂದಿಸಬೇಕು. ಯೂಟ್ಯೂಬಿನಲ್ಲಿ ವಿಡಿಯೊ ಅಳಿಸಿಬಿಟ್ಟರೆ ತಿದ್ದಿದಂತೆ ಅಲ್ಲ, ನೋಡಿದ ಐವತ್ತು ಸಾವಿರ ಮಂದಿಗೆ ತಪ್ಪು ಹಾಗೆಯೇ ಉಳಿದಿರುತ್ತದೆ. ಪಿನ್ ಮಾಡಿದ ಕಮೆಂಟು, ಹೊಸದೊಂದು ಸಣ್ಣ ವಿಡಿಯೊ ಎರಡೂ ಬೇಕು. ನಿಮ್ಮ ಪತ್ರಿಕೆಯೂ ಸೇರಿದಂತೆ ಎಷ್ಟು ಪತ್ರಿಕೆಗಳು ತಿದ್ದುಪಡಿಗೆಂದು ಒಂದು ಇ-ಮೇಲ್ ವಿಳಾಸವನ್ನು ದಿನಾ ಅಚ್ಚು ಹಾಕುತ್ತವೆ, ನೀವೇ ನೋಡಿ ಹೇಳಿ.

ಎರಡನೆಯದು ಓದುಗರು ಮಾಡಬಹುದಾದ ಕೆಲಸ. ಲೈಸೆನ್ಸ್ ಕೇಳಿ ಬರೆಯುವ ಪತ್ರದ ಬದಲು ಜಿಲ್ಲಾ ವಾರ್ತಾ ಕಚೇರಿ, ನಗರಸಭೆ, ಮಹಾನಗರ ಪಾಲಿಕೆಗಳಿಗೆ ನಮೂನೆ ‘ಎ’ಯಲ್ಲಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಒಂದು ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಸಾಮಾನ್ಯವಾಗಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಹಾಗಾಗಿ ಕಚೇರಿಗೊಂದು, ವರ್ಷಕ್ಕೊಂದು ಬೇರೆ ಬೇರೆ ಹಾಕುವುದು ಒಳ್ಳೆಯದು. ಕೇಳಬೇಕಾದದ್ದು: ಜಾಹೀರಾತು ಪಡೆದ ಪತ್ರಿಕೆಯ ಹೆಸರು, ಆರ್‌ಒ (ಜಾಹೀರಾತಿನ ಆದೇಶಪತ್ರ) ಸಂಖ್ಯೆ ಮತ್ತು ದಿನಾಂಕ, ಅಳತೆ, ದರ, ಬಿಲ್ ಬಂದ ದಿನ, ಹಣ ಪಾವತಿಯಾದ ದಿನ. ‘ಯಾಕೆ ಕೊಡಲಿಲ್ಲ’ ಎಂದು ಕೇಳಬೇಡಿ. ‘ಯಾಕೆ’ ಎಂಬುದು ಮಾಹಿತಿಯಲ್ಲ ಎಂದು ವಾಪಸ್ ಬರುತ್ತದೆ. ಉತ್ತರಕ್ಕೆ 30 ದಿನ. ಪತ್ರಿಕೆಯ ಜಾಹೀರಾತು ಲೆಕ್ಕ ಯಾರ ವೈಯಕ್ತಿಕ ಮಾಹಿತಿಯೂ ಅಲ್ಲ, ಆ ನೆಪ ಇಲ್ಲಿ ನಡೆಯದು. ಬಂದ ಪಟ್ಟಿಯಲ್ಲಿ ಬಿಲ್ ಬಂದ ದಿನ ಮತ್ತು ಪಾವತಿಯ ದಿನದ ನಡುವಿನ ಅಂತರವನ್ನು ಪತ್ರಿಕೆವಾರು ಎಣಿಸಿ, ಪಕ್ಕದಲ್ಲಿ ಆಯಾ ಪತ್ರಿಕೆ ಆ ತಿಂಗಳು ಏನು ಬರೆದಿತ್ತು ಎಂದು ಗುರುತು ಹಾಕಿಕೊಳ್ಳಿ. ಆ ಪಟ್ಟಿಯನ್ನು ನಿಮ್ಮ ಪತ್ರಿಕೆ ಅಚ್ಚು ಹಾಕುವುದಾದರೆ, ನಿಮ್ಮ ಹೆಸರಿನ ಸಾಲನ್ನೂ ಬಿಡದೆ ಹಾಕಬೇಕೆಂದು ಕೋರುತ್ತೇನೆ.

ಇಂತಿ,
ಪತ್ರಿಕಾ ಕಾಯ್ದೆಗಳ ಒಬ್ಬ ಓದುಗ
ಗದಗ-ಬೆಟಗೇರಿ